ಭಾವನ ಕೊನೆಯ ಪೀಪಾಯಿ

ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿಳಿಯುವವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇವತ್ತು ಊಟಕ್ಕೆ ಏನು?" ನನ್ನ ಉತ್ತರವೂ ಒಂದೇ: "ತೋಟ ಏನು ಕೊಡುತ್ತೋ ಅದು." ಇಷ್ಟಕ್ಕೇ ಅವರು ಆಹಾ ಎನ್ನುತ್ತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ನಾನೇನೋ ದೊಡ್ಡ ತತ್ವ ಹೇಳಿದೆ ಎಂಬಂತೆ. ತತ್ವವೂ ಇಲ್ಲ, ಮಣ್ಣೂ ಇಲ್ಲ. ಟೊಮೆಟೊ ಹಣ್ಣಾದ ದಿನ ಟೊಮೆಟೊ. ಹುರುಳಿಕಾಯಿ ಬಲಿತು ನಾರಾಗುವ ಮೊದಲು ಹುರುಳಿಕಾಯಿ. ಚೆರ್ರಿ ಮರಕ್ಕೆ ಹಕ್ಕಿಗಳು ಮುತ್ತಿಗೆ ಹಾಕಿದರೆ ಹಕ್ಕಿಗಿಂತ ಮೊದಲು ನಾವು ತಿನ್ನಬೇಕು, ಅಷ್ಟೆ. ಪಟ್ಟಣದಲ್ಲಿ ವರ್ಷವಿಡೀ ಎಲ್ಲವೂ ಸಿಗುವುದರಿಂದ ಅವರಿಗೆ ಯಾವುದರ ರುಚಿಯೂ ಸಿಕ್ಕಿರುವುದಿಲ್ಲ, ಪಾಪ.

ಮನೆ ಅಕ್ಕ-ಭಾವನದು. ಕೆಳಗೆ ಸರೋವರ, ಹಿಂದೆ ದ್ರಾಕ್ಷಿ ತೋಟ, ನಡುವೆ ನಾವು. ಮಹಡಿಯಲ್ಲಿ ಅತಿಥಿಗಳ ಕೋಣೆಗಳು, ಅದರ ಕೆಳಗೆ ನನ್ನ ಅಡುಗೆಮನೆ, ಅಡುಗೆಮನೆಯ ಕೆಳಗೆ ವೈನಿನ ನೆಲಮಾಳಿಗೆ. ಕೋಣೆಗಳು, ಹಾಸಿಗೆ, ಬೀಗದ ಕೈಗಳ ಗೊಂಚಲು ಅಕ್ಕನ ಪಾಲು. ಒಲೆ ನನ್ನ ಪಾಲು. ನೆಲಮಾಳಿಗೆ ಭಾವನ ಪಾಲು. ನಾನು ಒಂದು ಬೇಸಿಗೆಯ ಮಟ್ಟಿಗೆ ಕೈಯಾಸರೆಗೆಂದು ಬಂದವಳು, ಕೂದಲು ನೆರೆಯುವವರೆಗೆ ಉಳಿದುಬಿಟ್ಟೆ. ಮದುವೆಯ ಗೊಡವೆಗೆ ಹೋಗಲಿಲ್ಲ. "ನಿನ್ನ ನಾಲಿಗೆಗೆ ಯಾರಾದ್ರೂ ತಾಳಿಕೊಳ್ಳೋ ಗಂಡು ಹುಟ್ಟಿದ್ರೆ ತಾನೆ," ಎಂದು ಭಾವ ನಗುತ್ತಿದ್ದರು. ನಾನು ಅವರ ತಟ್ಟೆಗೆ ಬೇಕೆಂದೇ ಒಂದು ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದೆ. ನಮ್ಮಿಬ್ಬರ ಪ್ರೀತಿ ಇಂಥದ್ದು.

ಈ ಬೇಸಿಗೆಯ ಮೊದಲ ಬಸ್ಸಿನಲ್ಲಿ ಬಂದವರು ಚಿತ್ರ ಬರೆಯುವ ತಂಡದವರು. ಬೆಳಿಗ್ಗೆ ತೋಟದಲ್ಲಿ ಕೂತು ಚಿತ್ರ, ಮಧ್ಯಾಹ್ನ ದೋಣಿ ವಿಹಾರ, ಸಂಜೆ ಊಟ, ವೈನು, ಸಂಗೀತ; ಒಂದು ವಾರ ಹೀಗೆ ಕಳೆದು ಮುಂದಿನ ಊರಿಗೆ ಹೋಗುವ ಜನ. ಅವರಿಗೆ ಚಿತ್ರ ಕಲಿಸುವ ಹೆಂಗಸನ್ನು ನಾನು ಮನಸ್ಸಿನಲ್ಲೇ ಬಣ್ಣದಮ್ಮ ಎಂದು ಕರೆದೆ, ಏಕೆಂದರೆ ಆಕೆಯ ಕಿವಿಯ ಮೇಲೂ ಬಣ್ಣವಿತ್ತು. ಕೆಲಸದಿಂದ ನಿವೃತ್ತರಾದ ಹಲ್ಲಿನ ಡಾಕ್ಟರೊಬ್ಬರಿದ್ದರು. ಊಟ ಮಾಡುವಾಗ ಪಕ್ಕದವರ ಬಾಯಿಯನ್ನೇ ನೋಡುವ ಚಾಳಿ ಅವರಿಗೆ ಇನ್ನೂ ಹೋಗಿರಲಿಲ್ಲ. ಹೊಸದಾಗಿ ಮದುವೆಯಾದ ಜೋಡಿ ಒಂದಿತ್ತು, ಹುಡುಗಿ ಪಿಟೀಲು ಬಾರಿಸುತ್ತಿದ್ದಳು. ಉಳಿದವರೆಲ್ಲ ಒಳ್ಳೆಯವರು, ಅಂದರೆ ತಟ್ಟೆ ಖಾಲಿ ಮಾಡುವವರು.

ಬಂದ ದಿನವೇ ಹಲ್ಲಿನ ಡಾಕ್ಟರು ಊಟದ ಮೇಜಿನಿಂದ ತಲೆಯೆತ್ತಿ, "ಯಜಮಾನರು ಕಾಣಿಸ್ತಿಲ್ವಲ್ಲ?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಕೆಳಗಿದ್ದಾರೆ," ಎಂದಳು.

ಅವರು ತಲೆಯಾಡಿಸಿದರು. ಪೀಪಾಯಿಗಳ ನಡುವೆ ಕೆಲಸದಲ್ಲಿದ್ದಾರೆ ಎಂದುಕೊಂಡಿರಬೇಕು. ನನ್ನ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯ ಅಂಚಿಗೆ ತಾಗಿ ಸದ್ದು ಮಾಡಿತು. ಏಕೆಂದರೆ ಭಾವ ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು, ಅವರು ತೀರಿಕೊಂಡದ್ದು ಆ ನೆಲಮಾಳಿಗೆಯಲ್ಲೇ.

ಅದು ಹೇಗಾಯಿತೆಂದು ಹೇಳಿಬಿಡುತ್ತೇನೆ. ದ್ರಾಕ್ಷಿ ಕೊಯ್ದು, ತುಳಿದು, ತೊಟ್ಟಿಗೆ ತುಂಬಿದ ಮೇಲೆ ಹುದುಗು ಬರುತ್ತದೆ. ಒಲೆಯಿಲ್ಲದೆ ಅದು ತಾನಾಗಿ ಕುದಿಯುತ್ತದೆ. ಆಗ ಅದು ಬಿಡುವ ಗಾಳಿ ಭಾರ. ಮೇಲೇರದೆ ನೆಲದ ಮೇಲೆ ನೀರಿನ ಹಾಗೆ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅದರಲ್ಲಿ ಮುಳುಗಿದವನಿಗೆ ಮುಳುಗಿದೆನೆಂದೂ ತಿಳಿಯುವುದಿಲ್ಲ. ಅದಕ್ಕೇ ಈ ಕಸುಬಿನವರು ಆ ದಿನಗಳಲ್ಲಿ ಕೆಳಗಿಳಿಯುವಾಗ ಉರಿಯುವ ಮೇಣದಬತ್ತಿಯನ್ನು ಮೊಣಕಾಲಿನ ಮಟ್ಟದಲ್ಲಿ ಹಿಡಿದು ಇಳಿಯುತ್ತಾರೆ. ಬತ್ತಿ ಆರಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಮೇಲೆ ಓಡಬೇಕು. ಭಾವನ ತಂದೆ ಹಾಗೆ ಇಳಿದರು, ಅಜ್ಜನೂ ಹಾಗೆ ಇಳಿದರು, ಭಾವನೂ ವರ್ಷಗಟ್ಟಲೆ ಹಾಗೆಯೇ ಇಳಿದರು.

ಹೋದ ವರ್ಷ ಅಕ್ಕ ನೆಲಮಾಳಿಗೆಗೆ ಕರೆಂಟು ಎಳೆಸಿದಳು. ಭಾವನ ಮೊಣಕಾಲು ಸವೆದಿತ್ತು. ಒಂದು ಕೈಯಲ್ಲಿ ಬತ್ತಿ, ಇನ್ನೊಂದರಲ್ಲಿ ಕೋಲು ಹಿಡಿದು ಆ ಕಡಿದಾದ ಮೆಟ್ಟಿಲಲ್ಲಿ ಒಮ್ಮೆ ಜಾರಿಬಿದ್ದಿದ್ದರು. "ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು?" ಎಂದು ಅಕ್ಕ ಹಠ ಹಿಡಿದಳು. ಬಲ್ಬು ಬಂತು. ಒಳ್ಳೆಯ ಪ್ರಖರವಾದ ಬಲ್ಬು. ಎರಡೂ ಕೈ ಖಾಲಿಯಾದ ಖುಷಿಯಲ್ಲಿ ಭಾವ ಗೋಡೆ ಹಿಡಿದು ಇಳಿಯುತ್ತಿದ್ದರು, ಬತ್ತಿಯ ನೆನಪು ಯಾರಿಗೂ ಬರಲಿಲ್ಲ. ಬೆಳಕಿಗೆಂದು ಹಿಡಿಯುತ್ತಿದ್ದ ಬತ್ತಿಗೆ ಬೆಳಕು ಕೊಡುವುದೊಂದೇ ಕೆಲಸವಲ್ಲ ಎಂಬುದನ್ನು ಇಷ್ಟು ವರ್ಷ ಆ ಕೆಲಸ ಮಾಡಿದವರೇ ಮರೆತರು. ತೊಟ್ಟಿ ಕುದಿಯುತ್ತಿದ್ದ ಒಂದು ಮಧ್ಯಾಹ್ನ ಅವರು ಇಳಿದರು. ಬಲ್ಬು ಆರಲಿಲ್ಲ, ಅದಕ್ಕೆ ಉಸಿರಾಡುವ ಅಗತ್ಯವಿಲ್ಲ. ನಾವು ಹೋಗಿ ನೋಡಿದಾಗಲೂ ಅದು ಅವರ ಮುಖದ ಮೇಲೆ ಚೆನ್ನಾಗಿ ಉರಿಯುತ್ತಿತ್ತು.

ನಿನ್ನ ತಪ್ಪಲ್ಲ ಎಂದು ಅಕ್ಕನಿಗೆ ಎಲ್ಲರೂ ಹೇಳಿದರು. ನಾನೂ ಹೇಳಿದೆ, ಬಾಯಿ ನೋಯುವಷ್ಟು ಹೇಳಿದೆ. ಆದರೆ ಅಕ್ಕನಿಗೆ ಆ ಮಾತು ಬೇಕಾಗಿದ್ದದ್ದು ನಮ್ಮ ಬಾಯಿಂದ ಅಲ್ಲ. ಆ ತೊಟ್ಟಿಯ ರಸವನ್ನು ಚರಂಡಿಗೆ ಚೆಲ್ಲಿಬಿಡಿ ಎಂದರು ನೆರೆಯವರು. ಅಕ್ಕ ಒಪ್ಪಲಿಲ್ಲ. ಅವರೇ ಬಂದು ಹಿಂಡಿ, ಸೋಸಿ, ಒಳಕೋಣೆಯ ಒಂದು ಪೀಪಾಯಿಗೆ ತುಂಬಿಸಿ, ಮುಖ ಸಪ್ಪಗೆ ಮಾಡಿಕೊಂಡು ಹೋದರು. ಚಳಿಗಾಲವೆಲ್ಲ ಆ ಪೀಪಾಯಿ ತೆಪ್ಪಗಿತ್ತು. ಅಕ್ಕನೂ ತೆಪ್ಪಗಿದ್ದಳು.

ಬೇಸಿಗೆಯಲ್ಲಿ ಬಳ್ಳಿ ಹೂ ಬಿಟ್ಟಾಗ ಕೆಳಗಿನ ವೈನಿಗೂ ಸುದ್ದಿ ಮುಟ್ಟುತ್ತದೆ ಎಂದು ಈ ಕಸುಬಿನವರು ಹೇಳುತ್ತಾರೆ. ಸುದ್ದಿಯೂ ಇಲ್ಲ, ಸಮಾಚಾರವೂ ಇಲ್ಲ. ನೆಲಮಾಳಿಗೆ ಬೆಚ್ಚಗಾಗುತ್ತದೆ, ಉಳಿದಿದ್ದ ಹುದುಗು ಮತ್ತೆ ಎಚ್ಚರವಾಗುತ್ತದೆ. ಪೀಪಾಯಿ ಒಳಗೊಳಗೇ ಪಿಸುಗುಟ್ಟತೊಡಗುತ್ತದೆ. ಕಿವಿಯಿಟ್ಟರೆ ಮುಚ್ಚಿದ ಬಾಗಿಲಾಚೆ ಯಾರೋ ಮೆಲ್ಲಗೆ ಮಾತಾಡಿಕೊಂಡ ಹಾಗೆ ಕೇಳುತ್ತದೆ. ನಾನು ಪ್ರತಿ ಬೇಸಿಗೆಯೂ ಕೇಳಿದ್ದೇನೆ, ಏನೂ ಅನಿಸಿರಲಿಲ್ಲ.

ಅತಿಥಿಗಳು ದೋಣಿಯಲ್ಲಿ ಹೋದ ಒಂದು ಮಧ್ಯಾಹ್ನ ಬಟಾಣಿ ಬಿಡಿಸಲು ಅಕ್ಕನನ್ನು ಕರೆದೆ. ಉತ್ತರವಿಲ್ಲ. ಮಹಡಿಯಲ್ಲಿಲ್ಲ, ತೋಟದಲ್ಲಿಲ್ಲ. ನೆಲಮಾಳಿಗೆಯ ಒಳಕೋಣೆಯ ಬಾಗಿಲು ಮುಚ್ಚಿತ್ತು, ಅಡಿಯಲ್ಲಿ ಬಲ್ಬಿನ ಬೆಳಕಿನ ಗೆರೆ ಕಾಣುತ್ತಿತ್ತು. ನೂಕಿದೆ. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು, ಕೆನ್ನೆಯನ್ನು ಪೀಪಾಯಿಗೆ ಆನಿಸಿ, ಕಣ್ಣು ಅರ್ಧ ಮುಚ್ಚಿದ್ದಳು. ಅವಳ ಪಕ್ಕದಲ್ಲಿ ನೆಲದ ಮೇಲೊಂದು ಮೇಣದಬತ್ತಿ ಇತ್ತು. ಅದು ಆರಿತ್ತು.

ಅವಳ ಕಂಕುಳಿಗೆ ಕೈ ಹಾಕಿ ದರದರ ಎಳೆದೆ. ಎರಡು ಆಳಿನ ತೂಕ ಎತ್ತುವ ಕೈ ನನ್ನದು, ಹಿಟ್ಟು ನಾದಿ ನಾದಿ ಬಲಿತದ್ದು. ಇಲ್ಲದಿದ್ದರೆ ಆ ದಿನವೇ ಮುಗಿದಿತ್ತು. ಹಿಪ್ಪುನೇರಳೆ ಮರದ ಕೆಳಗೆ ತಂದು ಮಲಗಿಸಿದೆ. ಅಕ್ಕ ವಾಂತಿ ಮಾಡಿಕೊಂಡಳು, ತಲೆ ಸಿಡಿಯುತ್ತಿದೆ ಎಂದಳು. ನೀರು ಕುಡಿಸಿ, ಬಣ್ಣ ಮರಳಿ ಬಂದದ್ದು ನೋಡಿ, ಆಮೇಲೆ ಬೈಯಲು ಶುರು ಮಾಡಿದೆ.

"ಬತ್ತಿ ಆರಿದ್ದು ನೋಡ್ಲಿಲ್ವಾ?"

"ನೋಡಿದೆ."

"ನೋಡಿ?"

"ಇನ್ನೇನು ಹೇಳೋದ್ರಲ್ಲಿದ್ರು ಕಣೇ. ಅಷ್ಟರಲ್ಲಿ ನೀನು ಬಂದೆ."

ಅವಳ ದನಿಯಲ್ಲಿ ನನ್ನ ಮೇಲೆ ಸಿಟ್ಟಿತ್ತು. ಸಾವಿನ ಬಾಯಿಂದ ಎಳೆದು ತಂದವಳ ಮೇಲೆ, ಮಾತಿನ ಮಧ್ಯೆ ಬಾಯಿ ಹಾಕಿದವಳ ಮೇಲೆ ಬರುವಂಥ ಸಿಟ್ಟು.

"ಏನು ಹೇಳೋದ್ರಲ್ಲಿದ್ರು?"

"ಬಲ್ಬಿನ ವಿಷಯ. ನನ್ನ ಮೇಲೆ ಬೇಜಾರಿದೆಯೋ ಇಲ್ವೋ ಅಂತ. ದಿನಾ ಅಲ್ಲಿವರೆಗೂ ಬರ್ತಾರೆ, ಅಲ್ಲೇ ನಿಲ್ಲಿಸ್ತಾರೆ."

ದಿನಾ ಎಂದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬೇಸಿಗೆ ಇನ್ನೂ ಬಿಸಿಯೇರುವುದಿತ್ತು. ಆ ಪೀಪಾಯಿ ಭಾವನನ್ನು ನುಂಗಿದ ಹಾಗೆ ಇವಳನ್ನೂ ನುಂಗುವವರೆಗೆ ಬಿಡುವುದಿಲ್ಲ ಅನಿಸಿತು. ನನಗಿರುವವಳು ಇವಳೊಬ್ಬಳೇ.

ಬೀಗ ಹಾಕಿದೆ. ಪ್ರಯೋಜನವಿಲ್ಲ, ಮನೆಯ ಎಲ್ಲ ಬೀಗಗಳ ಕೈ ಅಕ್ಕನ ಸೊಂಟದಲ್ಲೇ ಇವೆ. ಬಲ್ಬು ತೆಗೆದಿಟ್ಟೆ, ಅಕ್ಕ ಕತ್ತಲಲ್ಲೇ ಹೋಗಿ ಕೂತಳು. ಡಾಕ್ಟರಿಗೆ ಹೇಳೋಣವೆಂದರೆ ಇದ್ದವರು ಹಲ್ಲಿನ ಡಾಕ್ಟರು, ಅವರ ವಿದ್ಯೆ ತುಟಿಯ ಒಳಗೇ ಮುಗಿಯುತ್ತದೆ. ಆದ್ದರಿಂದ ಅತಿಥಿಗಳು ಹೊರಬಿದ್ದ ತಕ್ಷಣ ನೆಲಮಾಳಿಗೆಯ ಮೆಟ್ಟಿಲ ಮೇಲೆ ನಾನೇ ಬಟಾಣಿ ಬುಟ್ಟಿ ಇಟ್ಟುಕೊಂಡು ಕಾವಲು ಕೂತೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದೆಂದರೇನೆಂದು ಆಗ ತಿಳಿಯಿತು. ಒಲೆಯ ಮೇಲೆ ಏನೋ ಸೀಯುತ್ತಿತ್ತು, ನಾನು ಏಳಲಿಲ್ಲ. ಅಕ್ಕ ಬಂದಳು. ದಾರಿ ಬಿಡು ಎಂದಳು. ಬಿಡಲಿಲ್ಲ. ಅವಳು ಬೇಡಿಕೊಂಡಳು. ಹಸಿದವಳು ಒಂದು ತುತ್ತು ಕೇಳುವ ಹಾಗೆ ಬೇಡಿಕೊಂಡಳು. ನನಗೆ ಸಂಕಟವಾಯಿತು, ಸಂಕಟವಾದಾಗ ನನ್ನ ನಾಲಿಗೆ ಹರಿತವಾಗುತ್ತದೆ.

"ಅದು ಪೀಪಾಯಿ ಕಣೇ ಅಕ್ಕ! ಮರದ ಡಬ್ಬ! ಮಾತಾಡ್ಬೇಕು ಅಂದ್ರೆ ಬಾಯಿ ಬೇಕು, ನಾಲಿಗೆ ಬೇಕು. ಅದಕ್ಕೆ ಎಲ್ಲಿದೆ ಬಾಯಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ನನ್ನನ್ನೇ ನೋಡುತ್ತ ನಿಂತಳು. ಅಳುತ್ತಾಳೆಂದುಕೊಂಡೆ. ಅವಳ ಮುಖ ಮೆಲ್ಲಗೆ ತಿಳಿಯಾಯಿತು.

"ಹೌದಲ್ವಾ," ಎಂದಳು. "ಅದಕ್ಕೇ ಪಾಪ ಅಲ್ಲಿವರೆಗೆ ಬಂದು ನಿಂತುಬಿಡ್ತಾರೆ. ಬಾಯಿ ಬೇಕು."

ಆ ಸಂಜೆ ಊಟದ ಮೇಜಿನಲ್ಲಿ ಅಕ್ಕ ಎದ್ದು ನಿಂತು, ಹೊರಡುವ ಮುಂಚಿನ ಕೊನೆಯ ಊಟಕ್ಕೆ ನಮ್ಮವರು ಮಾಡಿದ ಹೊಸ ಪೀಪಾಯಿ ತೆಗೆಯುತ್ತೇವೆ, ಎಲ್ಲರೂ ಕುಡಿಯಬೇಕು, ಒಬ್ಬರೂ ತಪ್ಪಿಸಬಾರದು ಎಂದಳು. ಮೇಜಿನ ಸುತ್ತ ಚಪ್ಪಾಳೆ. ನನಗೂ ಒಳಗೊಳಗೇ ಸಮಾಧಾನವಾಯಿತು. ಅವಳು ಏನು ಅಂದುಕೊಂಡರೂ ಅಂದುಕೊಳ್ಳಲಿ, ಪೀಪಾಯಿ ಬರಿದಾದರೆ ಸಾಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ ಆಯಿತು ಎಂದುಕೊಂಡೆ.

ಆ ಕೊನೆಯ ಊಟಕ್ಕೆ ನಾನು ಕೈ ಬಿಚ್ಚಿ ಅಡುಗೆ ಮಾಡಿದೆ. ಬೆಳಿಗ್ಗೆ ಸರೋವರದಲ್ಲಿ ಹಿಡಿದ ಮೀನನ್ನು ಉಪ್ಪು, ಬೆಣ್ಣೆ, ನಿಂಬೆಹುಳಿಯಲ್ಲಿ ಮಾತ್ರ ಬೇಯಿಸಿದೆ. ಟೊಮೆಟೊಗಳನ್ನು ಬಿಸಿಲಿನ ಶಾಖ ಆರುವ ಮುನ್ನ ಹೆಚ್ಚಿ, ಈರುಳ್ಳಿ ಹಾಕಿ ಹಾಗೇ ಇಟ್ಟೆ. ಎಳೆ ಹುರುಳಿಕಾಯಿ, ಬೆಳ್ಳುಳ್ಳಿ, ಆಗಷ್ಟೇ ಒಲೆಯಿಂದ ಇಳಿದ ಬ್ರೆಡ್ಡು, ಕಚ್ಚಿದರೆ ಮೊಣಕೈವರೆಗೂ ರಸ ಇಳಿಯುವ ಪೀಚ್ ಹಣ್ಣು. ಬಣ್ಣದಮ್ಮ ಬಟ್ಟೆ ಒಣಗಿಸುವ ಹಗ್ಗಕ್ಕೆ ವಾರವಿಡೀ ಬರೆದ ಚಿತ್ರಗಳನ್ನೆಲ್ಲ ಕ್ಲಿಪ್ಪು ಹಾಕಿ ತೂಗಿಬಿಟ್ಟಿದ್ದಳು. ಎಲ್ಲರೂ ನಮ್ಮ ಮನೆಯನ್ನೇ ಬರೆದಿದ್ದರು. ಮನೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಡೆಗೆ ವಾಲಿತ್ತು. ಹುಡುಗಿ ಪಿಟೀಲಿನ ಶ್ರುತಿ ಮಾಡುತ್ತಿದ್ದಳು. ಬೇಸಿಗೆಯ ಸಂಜೆಗೆ ಮುಗಿಯುವ ಅವಸರವಿರಲಿಲ್ಲ, ಬೆಳಕು ಇನ್ನೂ ಜೇನಿನ ಬಣ್ಣಕ್ಕಿತ್ತು.

ವೈನು ಇಳಿಸಲು ನಾನೇ ಹೋದೆ. ಬಾಗಿಲು ತೆರೆದಿಟ್ಟು, ಬತ್ತಿಯನ್ನು ಮೊಣಕಾಲಿನ ಮಟ್ಟಕ್ಕೆ ಹಿಡಿದು ಇಳಿದೆ. ಬತ್ತಿ ಬಳುಕಿತು, ಆರಲಿಲ್ಲ. ನಲ್ಲಿ ತಿರುಗಿಸಿದಾಗ ಪೀಪಾಯಿಯೊಳಗೆ ಆ ಪಿಸುಪಿಸು ಜೋರಾಯಿತು. ಹೂಜಿ ತುಂಬುತ್ತಿದ್ದ ಸದ್ದಿಗಿಂತ ಅದೇ ಜಾಸ್ತಿ ಕೇಳಿಸಿತು. ಕಿವಿ ಕೊಡಬಾರದೆಂದುಕೊಂಡರೂ ಕಿವಿ ಹೋಯಿತು.

"ಸುಮ್ನಿರಿ ಭಾವ, ತಗೊಂಡು ಹೋಗ್ತಿದೀನಲ್ಲ," ಎಂದೆ.

ಎಂದಾದ ಮೇಲೆ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ ಮುಚ್ಚಿದೆ. ನಾನು ದೆವ್ವ-ಪಿಶಾಚಿಗಳನ್ನು ನಂಬುವವಳಲ್ಲ. ಆದರೂ ಮೆಟ್ಟಿಲುಗಳನ್ನು ಬೇಗ ಹತ್ತಿದೆ.

ಅಕ್ಕ ಎಲ್ಲರ ಲೋಟಕ್ಕೂ ತಾನೇ ಬಗ್ಗಿಸಿದಳು. ಬಸ್ಸಿನ ಡ್ರೈವರನೂ ನಾಳೆ ಬೆಳಿಗ್ಗೆಯಲ್ಲವೇ ಹೊರಡುವುದು ಎಂದು ಒಂದು ಲೋಟ ಹಿಡಿದ. ನನ್ನ ಮುಂದೂ ಒಂದು ತುಂಬಿ ಇಟ್ಟಳು. ಅದರ ವಾಸನೆ ಮೂಗಿಗೆ ಬಂತು: ಮಾಗಿದ ಹಣ್ಣು, ಒದ್ದೆ ಕಲ್ಲು, ಭಾವನ ಅಂಗಿ. ಇದು ಅವರನ್ನು ಕೊಂದದ್ದು. ಇದನ್ನು ನನ್ನ ಗಂಟಲಿಗೆ ಇಳಿಸಲಾರೆ ಎನಿಸಿತು. ಅಕ್ಕ ಆ ಕಡೆ ತಿರುಗಿದಾಗ ಲೋಟವನ್ನು ಒಳಗೆ ಒಯ್ದು ಪಾತ್ರೆ ತೊಳೆಯುವ ನೀರಿಗೆ ಸುರಿದೆ.

ವಾಪಸು ಬಂದಾಗ ಮೇಜಿನ ಗದ್ದಲ ಏರಿತ್ತು. ಅದ್ಭುತ, ಇಂಥದ್ದು ಎಲ್ಲೂ ಕುಡಿದಿಲ್ಲ ಎನ್ನುತ್ತಿದ್ದರು. ವಾರವಿಡೀ ಬ್ರೆಡ್ಡನ್ನು ಸೀದಾ ಬಾಯಿಗೆ ತುರುಕುತ್ತಿದ್ದ ಹಲ್ಲಿನ ಡಾಕ್ಟರು ಈಗ ಒಂದು ತುಂಡನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಒತ್ತಿ ಉಸಿರೆಳೆದರು. ಆಮೇಲೆ ಕಚ್ಚಿದರು. ಭಾವ ಹಾಗೇ ಮಾಡುತ್ತಿದ್ದರು. ಹೊಸ ಬ್ರೆಡ್ಡು ಕಂಡರೆ ಯಾರಿಗಾದರೂ ಮೂಸುವ ಹಾಗಾಗುತ್ತದೆ ಎಂದುಕೊಂಡೆ.

ಹೊಸ ಮದುಮಗ ಸೆಖೆ ಎನ್ನುತ್ತ ಅಂಗಿಯ ತೋಳು ಮಡಿಸಿದ. ಎಡಗೈಯದು ಮಾತ್ರ. ಬಲಗೈಯ ಗುಂಡಿ ಹಾಗೇ ಇತ್ತು. ಭಾವನಿಗೆ ಬಲಗೈಯಲ್ಲಿ ಸುಟ್ಟ ಕಲೆಯಿತ್ತು. ಎಷ್ಟೇ ಸೆಖೆಯಾದರೂ ಆ ತೋಳನ್ನು ಅವರು ಮಡಿಸುತ್ತಿರಲಿಲ್ಲ. ಈ ಹುಡುಗನ ಬಲಗೈ ಸ್ವಚ್ಛವಾಗಿತ್ತು, ಮಧ್ಯಾಹ್ನ ಈಜಿ ಬಂದಾಗ ನಾನೇ ನೋಡಿದ್ದೆ. ನನ್ನ ಬೆನ್ನಿನ ಮೇಲೆ ಯಾರೋ ಒದ್ದೆ ಬಟ್ಟೆ ಇಟ್ಟ ಹಾಗಾಯಿತು.

ಬಣ್ಣದಮ್ಮ ಲೋಟವನ್ನು ಸಂಜೆಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, "ಇದಕ್ಕೆ ಇನ್ನೂ ಸ್ವಲ್ಪ ನಾಚಿಕೆ ಇದೆ," ಎಂದಳು.

ಪ್ರತಿ ವರ್ಷ ಹೊಸ ವೈನಿನ ಮೊದಲ ಗುಟುಕಿಗೆ ಭಾವ ಹೇಳುತ್ತಿದ್ದ ಮಾತದು. ಅದೇ ಮಾತು, ಮುಚ್ಚುತ್ತಿದ್ದ ಕಣ್ಣೂ ಅದೇ. ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಹೂಜಿಯನ್ನು ಎದೆಗೊತ್ತಿಕೊಂಡು ಕುತ್ತಿಗೆ ಒಂದು ಕಡೆಗೆ ವಾಲಿಸಿ ನಿಂತಿದ್ದಳು, ಪೀಪಾಯಿಯ ಮುಂದೆ ಕೂರುತ್ತಿದ್ದ ಹಾಗೆ. ಅವಳ ಕಣ್ಣು ಒಬ್ಬರಿಂದ ಒಬ್ಬರಿಗೆ ಓಡುತ್ತಿತ್ತು.

ಪಿಟೀಲಿನ ಹುಡುಗಿ ಅಕ್ಕನ ಸೆರಗು ಹಿಡಿದು ಎಳೆದಳು. "ಎಷ್ಟು ಹೊತ್ತು ನಿಂತಿರ್ತೀರಾ? ಬನ್ನಿ, ಕೂತ್ಕೊಳ್ಳಿ ಇನ್ಸ್‌ಪೆಕ್ಟ್ರೇ."

ಭಾವ ಅಕ್ಕನನ್ನು ಹಾಗೆ ಕರೆಯುತ್ತಿದ್ದರು. ಎಲ್ಲವನ್ನೂ ಎರಡೆರಡು ಸಲ ತಪಾಸಣೆ ಮಾಡುವ ಅವಳ ಬುದ್ಧಿಗೆ ಇಟ್ಟ ಹೆಸರು. ಹೊರಗಿನವರ ಮುಂದೆ ಒಮ್ಮೆಯೂ ಕರೆದದ್ದಿಲ್ಲ. ಅಕ್ಕನೇ ಈ ಹುಡುಗಿಗೆ ಹೇಳಿರಬೇಕು ಎಂದುಕೊಂಡೆ. ಆಮೇಲೆ ಅಕ್ಕನ ಮುಖ ನೋಡಿದೆ. ಹೇಳಿರಲಿಲ್ಲ.

ಅಷ್ಟರಲ್ಲಿ ಸಂಜೆ ಇಳಿದಿತ್ತು. ಹಲ್ಲಿನ ಡಾಕ್ಟರು ಬಚ್ಚಲಿಗೆ ಹೋಗಿ ಹಿತ್ತಲ ಮೆಟ್ಟಿಲು ಇಳಿದು ಬರುತ್ತಿದ್ದರು. ಅಲ್ಲಿನ ದೀಪವನ್ನು ನಾನೇ ಹಾಕಿ ಬಂದಿದ್ದೆ. ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಮೊಣಕಾಲು ನೀವಿಕೊಳ್ಳುತ್ತ ಇಳಿದ ಅವರು ನೇರ ಅಕ್ಕನ ಮುಂದೆ ಬಂದು ನಿಂತರು.

"ಮೆಟ್ಟಿಲಿಗೆ ಲೈಟು ಹಾಕ್ಸಿದ್ದು ಒಳ್ಳೇದು ಮಾಡಿದ್ರಿ," ಎಂದರು. "ಇಲ್ಲದಿದ್ರೆ ಬಿದ್ದು ಸೊಂಟ ಮುರ್ಕೊಳ್ತಿದ್ದೆ."

ಪಿಟೀಲು ನಿಂತಿತ್ತೋ ಅಥವಾ ನನಗೆ ಕೇಳಿಸುವುದು ನಿಂತಿತ್ತೋ ತಿಳಿಯದು. ಅಕ್ಕ ಹೂಜಿಯನ್ನು ಮೇಜಿನ ಮೇಲಿಟ್ಟು ಅವರ ಎರಡೂ ಕೈ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳಿ."

ಅವರು ಗಲಿಬಿಲಿಯಾಗಿ ನಗುತ್ತ, "ಏನು, ಲೈಟಾ? ಒಳ್ಳೇದು ಮಾಡಿದ್ರಿ ಅಂದೆ," ಎಂದರು.

ಅಕ್ಕ ಅವರ ಕೈಗಳಿಗೆ ಹಣೆ ಹಚ್ಚಿ ಅತ್ತಳು. ಅತ್ತು, ತಲೆಯೆತ್ತಿ ನಕ್ಕಳು. ಕಳೆದ ಸುಗ್ಗಿಯಿಂದ ನಾನು ಅವಳ ನಗು ಕೇಳಿರಲಿಲ್ಲ. ಅತಿಥಿಗಳು ಏನೂ ಅರ್ಥವಾಗದೆ, ಆದರೆ ಬೆಚ್ಚಗೆ, ಅವಳ ಬೆನ್ನು ಸವರಿದರು. ಆಮೇಲೆ ಅಕ್ಕ ಕೂತು ಹೊಟ್ಟೆ ತುಂಬ ಉಂಡಳು. ಪೀಚ್ ಹಣ್ಣು ತಿನ್ನುವಾಗ ಅವಳ ಮೊಣಕೈವರೆಗೂ ರಸ ಇಳಿಯಿತು. ಅದನ್ನು ನೋಡಿ ನನಗೂ ಕಣ್ಣು ತುಂಬಿ ಬಂತು. ಹೇಗಾದರೂ ಆಗಲಿ, ಬದುಕಿದಳಲ್ಲ ಎಂದುಕೊಂಡೆ.

ಅವರು ಹಾಡುತ್ತಿರುವಾಗಲೇ ನಾನು ಕೆಳಗಿಳಿದು ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಉಳಿದದ್ದೆಲ್ಲ ನೆಲದ ಕಾಲುವೆಯಲ್ಲಿ ಹರಿದು ತೋಟದ ಕಡೆ ಹೋಯಿತು. ಪೀಪಾಯಿಗೆ ನೀರು ಹಾಕಿ ತೊಳೆದೆ, ಮತ್ತೆ ತೊಳೆದೆ. ಕಿವಿ ಇಟ್ಟು ನೋಡಿದೆ. ಏನೂ ಇಲ್ಲ. ಒಂದು ಹನಿಯೂ ಇಲ್ಲ. ಆ ರಾತ್ರಿ ಬಹಳ ದಿನಗಳ ಮೇಲೆ ಗಾಢವಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಬಸ್ಸು ಅಂಗಳದಲ್ಲಿ ನಿಂತಿತ್ತು. ಚಿತ್ರಗಳನ್ನು ಸುರುಳಿ ಸುತ್ತಿ, ಚೀಲಗಳನ್ನು ಏರಿಸುತ್ತಿದ್ದರು. ನಾನು ದಾರಿಗೆಂದು ಚೆರ್ರಿ ಕಟ್ಟಿಕೊಡಲು ಹೊರಗೆ ಬಂದೆ. ಅಕ್ಕ ಒಳ್ಳೆಯ ಸೀರೆಯುಟ್ಟು, ಕೈಯಲ್ಲೊಂದು ಚೀಲ ಹಿಡಿದು ಬಸ್ಸಿನ ಬಾಗಿಲ ಬಳಿ ನಿಂತಿದ್ದಳು. ಬೀಗದ ಕೈಗಳ ಗೊಂಚಲು ಅವಳ ಸೊಂಟದಲ್ಲಿರಲಿಲ್ಲ.

"ಎಲ್ಲಿಗೆ?" ಎಂದೆ.

"ಇವರ ಜೊತೆ. ಚಿತ್ರ ಕಲಿಸೋರನ್ನ ಕೇಳಿದೀನಿ, ಒಂದು ಸೀಟಿದೆಯಂತೆ."

"ಇವರ ಜೊತೆ ನಿನಗೇನು ಕೆಲಸ?"

"ಅವರು ಹೋಗ್ತಿದಾರಲ್ಲ ಕಣೇ," ಎಂದಳು, ಎಳೆ ಮಗುವಿಗೆ ತಿಳಿಹೇಳುವಂತೆ. "ಬಲ್ಬಿನ ಮಾತೊಂದು ಮುಗೀತು. ಇನ್ನೂ ಎಷ್ಟು ಹೇಳೋದಿದೆಯೋ. ಆ ಹುಡುಗನ ಹತ್ರ ಒಂದಿರುತ್ತೆ, ಆ ಹುಡುಗಿ ಹತ್ರ ಒಂದು. ಇವರೆಲ್ಲ ಒಂದೊಂದು ಊರಿಗೆ ಚದುರಿಹೋದ್ರೆ ನಾನು ಎಲ್ಲಿ ಅಂತ ಹುಡುಕ್ಲಿ?"

ಅವಳ ಕೈ ಹಿಡಿದೆ. "ಒಂದೆರಡು ದಿನಕ್ಕೆ ಇದು ಇಳಿದುಹೋಗುತ್ತೆ ಅಕ್ಕ. ಕುಡಿದ ವೈನು ಎಷ್ಟು ದಿನ ಹೊಟ್ಟೇಲಿರುತ್ತೆ?"

"ಅದಕ್ಕೇ ಬೇಗ ಹೋಗ್ಬೇಕು."

ಡ್ರೈವರು ಹಾರ್ನ್ ಹೊಡೆದ. ಒಳಗೆ ಯಾರೋ ಭಾವನ ಹಾಗೆ ಗಂಟಲು ಸರಿಪಡಿಸಿಕೊಂಡರು, ಅಥವಾ ನನಗೆ ಹಾಗೆ ಕೇಳಿಸಿತು. ಅಕ್ಕ ಆ ಕಡೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಒಂದು ಆಸೆ ಮೂಡಿತು.

"ನೀನೂ ಕುಡಿದ್ಯಲ್ವಾ? ನಿನಗೂ ಒಂದು ಲೋಟ ಇಟ್ಟಿದ್ದೆ."

ಅವಳು ಕೇಳುತ್ತಿದ್ದದ್ದೇನೆಂದು ನನಗೆ ಅರ್ಥವಾಯಿತು. ನಾನು ಕುಡಿದಿದ್ದರೆ ಅವಳಿಗೆ ಎಲ್ಲಿಗೂ ಹೋಗುವ ಅಗತ್ಯವಿರಲಿಲ್ಲ.

"ಹೂಂ, ಕುಡಿದೆ," ಎಂದೆ.

ಅಕ್ಕ ಚೀಲವನ್ನು ನೆಲದ ಮೇಲಿಟ್ಟಳು. ಹತ್ತಿರ ಬಂದು, ಕುತ್ತಿಗೆ ಒಂದು ಕಡೆಗೆ ವಾಲಿಸಿ, ಕೆನ್ನೆಯನ್ನು ನನ್ನ ಕೆನ್ನೆಗೆ ಆನಿಸಿದಳು. "ಹಾಗಾದ್ರೆ ಏನಾದ್ರೂ ಮಾತಾಡು."

ಭಾವನ ಮಾತುಗಳು ನನಗೆ ಬಾಯಿಪಾಠ. ಒಂದೇ ಸೂರಿನಡಿ ಕೂದಲು ನೆರೆಯುವವರೆಗೆ ಬಾಳಿದವಳು ನಾನು. ಯಾವುದಾದರೊಂದನ್ನು ಅವರ ದನಿಯಲ್ಲಿ ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದೆ. ಅವಳ ಕೆನ್ನೆ ತಣ್ಣಗಿತ್ತು. ಅವಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ಗೊತ್ತಾಯಿತು. ಬೆಟ್ಟದ ತಿರುವುಗಳು, ಬಸ್ಸಿನ ವಾಸನೆ ನೆನಪಾದವು.

"ಬಸ್ಸಲ್ಲಿ ನಿನಗೆ ಹೊಟ್ಟೆ ತೊಳೆಸುತ್ತೆ," ಎಂದೆ. "ಮುಂದಿನ ಸೀಟಲ್ಲಿ ಕೂತ್ಕೋ."

ಅಕ್ಕ ಕೆನ್ನೆ ತೆಗೆದಳು. ಬೇಜಾರಿರಲಿಲ್ಲ ಆ ಮುಖದಲ್ಲಿ. ತಪ್ಪು ಬಾಗಿಲು ತಟ್ಟಿದವಳ ಸಂಕೋಚವಿತ್ತು.

"ಇದು ನೀನೇ ಕಣೇ," ಎಂದು ನನ್ನ ಗಲ್ಲ ತಟ್ಟಿದಳು. ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು. ಮುಂದಿನ ಸೀಟು ಖಾಲಿಯಿತ್ತು. ಅದನ್ನು ದಾಟಿ ಹಿಂದಕ್ಕೆ ಹೋಗಿ, ಒಂದೇ ತೋಳು ಮಡಿಸಿಕೊಂಡಿದ್ದ ಆ ಹುಡುಗನ ಪಕ್ಕದಲ್ಲಿ ಕೂತಳು.